ಆಪರೇಷನ್ ಮುಗಿದು ಮೂರು ವರ್ಷ, ಅವ್ವನ ನೋವು ಮುಗಿದಿಲ್ಲ

ನಮ್ಮವ್ವನ ರವಿಕೆಗಳೆಲ್ಲ ಒಂದೇ ಥರ. ಎಡತೋಳು ಬಲತೋಳಿಗಿಂತ ಎರಡು ಬೆರಳು ಸಡಿಲ. ಊರಿನ ಟೈಲರ್ ಅಕ್ಕ ಈಗ ಯಾಕೆ ಅಂತ ಕೇಳುವುದಿಲ್ಲ, ಹಾಗೇ ಹೊಲಿದು ಕೊಡುತ್ತಾರೆ. ಬಟ್ಟೆ ಕಂಕುಳಿಗೆ ಬಿಗಿಯಾಗಿ ತಾಗಿದರೆ ಅವ್ವನಿಗೆ ಮೆಣಸಿನಪುಡಿ ಸವರಿದ ಹಾಗೆ ಉರಿಯುತ್ತದೆ.

ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಅವಳ ಎಡಗಡೆಯದನ್ನು ಪೂರ್ತಿ ತೆಗೆದರು. ಕಂಕುಳಿನ ಗಂಟುಗಳನ್ನೂ ತೆಗೆದರು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಯೋಜನೆಯಲ್ಲಿ ಆಪರೇಷನ್ ಆಯಿತು. ಬಸ್ ಚಾರ್ಜು, ಊಟ ನಮ್ಮದು. ಈಗ ಚೆಕಪ್‌ಗೆ ಹೋದಾಗಲೆಲ್ಲ ಕ್ಯಾನ್ಸರ್ ಇಲ್ಲ ಅನ್ನುತ್ತಾರೆ. ಊರವರ ಲೆಕ್ಕದಲ್ಲಿ ಅವ್ವ ಗೆದ್ದು ಬಂದವಳು. ಗೆದ್ದವಳು ಅಳಬಾರದಲ್ಲ! "ಜೀವ ಉಳೀತಲ್ಲ, ಇನ್ನೇನು ನೋವು ನಿಂಗೆ?" ಅಂತ ಬಂದವರೆಲ್ಲ ಕೇಳಿದ ಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ರಾತ್ರಿ ನನ್ನ ಹತ್ತಿರ ಮಾತ್ರ ಅಂದಿದ್ದಳು: "ಇಲ್ಲದೇ ಇರೋ ಜಾಗ ನೋಯ್ತದೆ ಅಂದ್ರೆ ಯಾರು ನಂಬ್ತಾರೆ ಮಗಾ?"

ಹತ್ತಿರದ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. "ಮನಸ್ಸಿಗೆ ಹಚ್ಕೋಬೇಡಿ" ಅಂತ ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಹೊಟ್ಟೆ ಉರಿ ಶುರುವಾಯಿತು, ನೋವು ಅಲ್ಲೇ ಇತ್ತು.

ನಂಬಿದವರು ನೋವಿನ ವಿಭಾಗದ ಒಬ್ಬ ಡಾಕ್ಟರಮ್ಮ. ಚೀಟಿಯ ಹಿಂದೆ ಪೆನ್ನಿನಲ್ಲಿ ತೋಳಿನ ಚಿತ್ರ ಬರೆದು ತೋರಿಸಿದರು. ಎದೆಯ ಪಕ್ಕೆಲುಬಿನ ಸಂದಿನಿಂದ ಹೊರಟು ಕಂಕುಳಿನೊಳಗೆ ಹಾದು ತೋಳಿನ ಒಳಮಗ್ಗುಲಿಗೆ ಹೋಗುವ ಒಂದು ನರವಿದೆ. ಗಂಟು ತೆಗೆಯುವಾಗ ಅದು ತುಂಡಾಗಬಹುದು ಅಥವಾ ಜಗ್ಗಬಹುದು. ನಾನು ಅವ್ವನಿಗೆ ಪಂಪ್‌ಸೆಟ್ ಕೇಬಲ್ ಲೆಕ್ಕದಲ್ಲಿ ಹೇಳಿದೆ: ಸಿಪ್ಪೆ ಸುಲಿದ ವೈರು ಇದ್ದಕ್ಕಿದ್ದಂತೆ ಕಿಡಿ ಹಾರಿಸುತ್ತದಲ್ಲ, ಹಾಗೆ. ಅದಕ್ಕೇ ಅವಳಿಗೆ ಒಂದು ಕಡೆ ಜೋಮು, ಪಕ್ಕದಲ್ಲೇ ಉರಿ, ನಡುನಡುವೆ ಕರೆಂಟ್ ಹೊಡೆದಂತೆ. ತೆಗೆದುಹಾಕಿದ ಎದೆ ಇನ್ನೂ ಅಲ್ಲೇ ಇದ್ದು ನೋಯುತ್ತಿದೆ ಅನ್ನಿಸುವುದೂ ಇದೆಯಂತೆ.

ಇದು ಅವ್ವನೊಬ್ಬಳ ಕಥೆಯಲ್ಲ. ಡೆನ್ಮಾರ್ಕ್ ದೇಶದಲ್ಲಿ ಈ ಆಪರೇಷನ್ ಆದ 3,253 ಹೆಂಗಸರು ಕೊಟ್ಟ ಉತ್ತರ 2009ರಲ್ಲಿ ಪ್ರಕಟವಾಯಿತು. ಆಪರೇಷನ್ ಆಗಿ ಸುಮಾರು ಎರಡು ವರ್ಷವಾಗಿದ್ದರೂ 100ಕ್ಕೆ 47 ಮಂದಿ ನೋವಿದೆ ಅಂದಿದ್ದರು. ಕಂಕುಳಿನ ಗಂಟು ಪೂರ್ತಿ ತೆಗೆಸಿಕೊಂಡವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು. ಅವ್ವನಿಗೆ ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಅವರೂ ದನ ಕಟ್ತಾರಾ?"

ಹೊಸ ಎದೆ ಕಟ್ಟಿಸಿಕೊಳ್ಳುವ ಆಪರೇಷನ್ನೂ ಇದೆ. ಹೊಟ್ಟೆ ಅಥವಾ ಬೆನ್ನಿನ ಮಾಂಸ ತಂದು, ಇಲ್ಲವೇ ಸಿಲಿಕಾನ್ ಇಟ್ಟು ಮಾಡುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕ ಒಬ್ಬ ಅಕ್ಕ ಮಾಡಿಸಿಕೊಂಡಿದ್ದರು. ನೋಡಲು ಚೆನ್ನಾಗಿದೆ, ಬೆನ್ನು ಮಾತ್ರ ಜಗ್ಗುತ್ತದೆ ಅಂದರು. ಅವ್ವ ಬೇಡ ಅಂದಳು. ಮದುವೆ ಮನೆಗೆ ಹೋಗುವಾಗ ರಾಗಿ ತುಂಬಿದ ಬಟ್ಟೆ ಚೀಲ ಸಿಕ್ಕಿಸಿಕೊಳ್ಳುತ್ತಾಳೆ. ತೂಕ ಸರಿಯಾಗಿದೆ ಅಂತ ಅವಳ ತೀರ್ಮಾನ.

ಡಾಕ್ಟರಮ್ಮ ರಾತ್ರಿಗೆ ಅಮಿಟ್ರಿಪ್ಟಿಲಿನ್ ಅನ್ನುವ ಸಣ್ಣ ಮಾತ್ರೆ ಬರೆದರು. ಮೆಡಿಕಲ್ ಶಾಪಿನವನು "ಇದು ಡಿಪ್ರೆಶನ್ ಮಾತ್ರೆ" ಅಂದುಬಿಟ್ಟ. ಅವ್ವ ಒಂದು ವಾರ ಮುಟ್ಟಲಿಲ್ಲ. "ನಂಗೇನು ತಲೆ ಕೆಟ್ಟಿದೆಯಾ?" ಖಿನ್ನತೆಗೂ ಕೊಡುತ್ತಾರೆ, ನಿಜ. ಕಡಿಮೆ ಪ್ರಮಾಣದಲ್ಲಿ ಅದು ನರದ ನೋವನ್ನೂ ತಗ್ಗಿಸುತ್ತದೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು. ಇದನ್ನು ಓದಿ ನೀವೇ ಅಂಗಡಿಯಲ್ಲಿ ಕೇಳಿ ತರಬೇಡಿ. ಹೃದಯದ ತೊಂದರೆ ಇದ್ದವರಿಗೆ ಆಗುವುದಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ನೋವಿಗೇ ಬೇರೆ ವಿಭಾಗವಿದೆ, ಕೇಳಿಕೊಂಡು ಹೋಗಿ. ಹೊಸ ಗಂಟು, ಕೈ ಊತ, ಕೆಂಪಾಗಿ ಜ್ವರ ಬಂದರೆ ನರದ ನೋವು ಅಂತ ಸುಮ್ಮನಿರದೆ ಬೇಗ ತೋರಿಸಿ.

ಜೊತೆಗೆ ಗೋಡೆಗೆ ಬೆರಳಿಟ್ಟು ಕೈ ಮೇಲೇರಿಸುವ ವ್ಯಾಯಾಮ. ಅಡುಗೆಮನೆ ಗೋಡೆಯ ಮೇಲೆ ಮಸಿಯಲ್ಲಿ ಗೀಟು ಎಳೆದಿದ್ದಾಳೆ, ಇವತ್ತಿನದು ಅವಳ ಕಿವಿಗಿಂತ ಸ್ವಲ್ಪ ಮೇಲಿದೆ. ನೋವು ಅರ್ಧಕ್ಕೆ ಇಳಿದಿದೆ ಅನ್ನುತ್ತಾಳೆ. ಹಾಲು ಮಾತ್ರ ಒಂದೇ ಕೈಯಲ್ಲಿ ಕರೆಯುತ್ತಾಳೆ, ಎರಡರಷ್ಟು ಹೊತ್ತು. ಹಸು ಮಾರೋಣ ಅಂತ ಅಪ್ಪ ಮಾತು ತೆಗೆದಿದ್ದಾರೆ. ಅವ್ವ ಇನ್ನೂ ಒಪ್ಪಿಲ್ಲ.