ಕಿಟಕಿ ಇರೋ ಚಿಪ್ಪು, ಕಳೆದುಹೋದ ಫ್ಲಾಪಿ

ಈಪ್ರಾಮ್ ಅನ್ನೋ ಚಿಪ್ಪನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಜಿರಳೆ ಥರ ಎರಡೂ ಕಡೆ ಕಾಲು, ಬೆನ್ನ ಮೇಲೊಂದು ದುಂಡನೆಯ ಗಾಜಿನ ಕಿಟಕಿ. ಬಗ್ಗಿ ನೋಡಿದರೆ ಒಳಗಿನ ಸಿಲಿಕಾನ್ ತುಂಡು ಮಿನುಗುತ್ತೆ. 1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಕಂಡುಹಿಡಿದದ್ದು. ಬರೆದದ್ದು ಕರೆಂಟ್ ಹೋದರೂ ಉಳಿಯುತ್ತೆ. ಅಳಿಸಬೇಕಾದರೆ ಕಿಟಕಿಗೆ ಹದಿನೈದಿಪ್ಪತ್ತು ನಿಮಿಷ ಅತಿನೇರಳೆ ಬೆಳಕು ಹಿಡಿಯಬೇಕು. ಬರೆಯೋಕೆ ಪ್ರೋಗ್ರಾಮರ್ ಅನ್ನೋ ಬೇರೆ ಸಾಧನ ಬೇಕು. (ಇಲ್ಲಿ ಪ್ರೋಗ್ರಾಮರ್ ಅಂದ್ರೆ ಮನುಷ್ಯ ಅಲ್ಲ, ಒಂದು ಡಬ್ಬಿ!)

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಅಂಥದ್ದೊಂದು ಡಬ್ಬಿ ಮತ್ತು ಒಂದು 2716 ಚಿಪ್ಪನ್ನು ನನ್ನ ಕೈಗಿಟ್ಟರು. ಹಿಂದೆ ಊರ ಜಾತ್ರೆಗೆ ಅಂತ ಅಕ್ಷರ ಓಡೋ ಎಲ್ಇಡಿ ಬೋರ್ಡು ಮಾಡಿದ್ದರಂತೆ. ಕನ್ನಡ ಅಕ್ಷರಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬಿ, ಒಂದೊಂದನ್ನೇ ಅಂಕಿ ಮಾಡಿ ಚಿಪ್ಪಿಗೆ ಹಾಕಿದ್ದು. ಹಾಳೆಗಳನ್ನು ಗೆದ್ದಲು ತಿಂತು, ಬೋರ್ಡು ಗುಜರಿಗೆ ಹೋಯ್ತು. ಉಳಿದದ್ದು ಈ ಚಿಪ್ಪೊಂದೇ.

"ಒಳಗಿರೋದನ್ನ ತೆಗೆಯೋಕಾಗುತ್ತಾ ನೋಡು ಮಾರಾಯ" ಅಂದರು.

ಇದು ನಿಧಾನಕ್ಕೆ ಮಾಡೋ ಕೆಲಸ ಅಲ್ಲ. ಈಪ್ರಾಮಿನಲ್ಲಿ ಬರೆದ ಒಂದೊಂದು ಬಿಟ್ಟೂ ಸುತ್ತ ಗೋಡೆ ಕಟ್ಟಿ ಕೂಡಿಹಾಕಿದ ಎಲೆಕ್ಟ್ರಾನುಗಳ ಗುಂಪು. ದಶಕಗಳು ಕಳೆದಂತೆ ಅವು ಸೋರುತ್ತವೆ. ಕಿಟಕಿಗೆ ಅಂಟಿಸಿದ ಸ್ಟಿಕರ್ ಕಿತ್ತುಬಂದರೆ ಇನ್ನೂ ಕಷ್ಟ: ನೇರ ಬಿಸಿಲಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಬೆಳಕಲ್ಲಿ ಸುಮಾರು ಮೂರು ವರ್ಷ, ಅಷ್ಟರಲ್ಲಿ ಅಳಿಸಿಹೋಗಬಹುದು ಅಂತ ಇಂಟೆಲ್‌ನ ಡೇಟಾಶೀಟೇ ಹೇಳುತ್ತೆ. ಮೇಷ್ಟ್ರ ಚಿಪ್ಪಿನ ಸ್ಟಿಕರ್ ಅರ್ಧ ಎದ್ದಿತ್ತು.

ಡಬ್ಬಿಯ ಮೇಲೆ ಹೆಸರಿಲ್ಲ, ಜೊತೆಗೆ ಬಂದಿದ್ದ ಫ್ಲಾಪಿಯೂ ಇಲ್ಲ. ಹಿಂದೆ 25 ಪಿನ್ನಿನ ಪ್ಯಾರಲಲ್ ಪೋರ್ಟ್, ಮುಂದೆ ಒಂದು ಸಾಲು ಪುಟ್ಟ ಸ್ವಿಚ್ಚುಗಳು. ಯಾವ ಚಿಪ್ಪಿಗೆ ಯಾವ ಸ್ವಿಚ್ಚು ಮೇಲೆ, ಯಾವುದು ಕೆಳಗೆ? ವಿಲೆಮ್ ಅನ್ನೋ ಪ್ರಸಿದ್ಧ ಹವ್ಯಾಸಿ ಪ್ರೋಗ್ರಾಮರಿನಲ್ಲಿ ಅದನ್ನು ಸಾಫ್ಟ್‌ವೇರೇ ಪರದೆ ಮೇಲೆ ತೋರಿಸುತ್ತೆ. ಅಂದರೆ ಫ್ಲಾಪಿ ಹೋದರೆ ಕೈಪಿಡಿಯೂ ಹೋದ ಹಾಗೆ. ಸಾಫ್ಟ್‌ವೇರ್ ಸಿಕ್ಕರೂ ತಾಪತ್ರಯ ಮುಗಿಯಲ್ಲ. ಡಾಸ್ ಕಾಲದ ಇಂಥ ಪ್ರೋಗ್ರಾಮುಗಳು ಪೋರ್ಟಿನ ಜೊತೆ ನೇರವಾಗಿ ಮಾತಾಡುತ್ತಿದ್ದವು. ವಿಂಡೋಸ್ ಎನ್‌ಟಿ, 2000, ಎಕ್ಸ್‌ಪಿ ಮತ್ತು ಆಮೇಲಿನವು ಅದಕ್ಕೆ ಬಿಡಲ್ಲ, ಬೇರೆ ಡ್ರೈವರ್ ಬೇಕು. ಯುಎಸ್‌ಬಿಯಿಂದ ಪ್ಯಾರಲಲ್ ಮಾಡೋ ವಯರು ಪ್ರಿಂಟರಿಗೆ ಸರಿ, ಇದಕ್ಕೆ ಸಾಮಾನ್ಯವಾಗಿ ಆಗಿಬರಲ್ಲ.

ಹೆಸರಿಲ್ಲದ ಡಬ್ಬಿಯನ್ನು ಹುಡುಕೋದು ಹೇಗೆ? ಬೋರ್ಡಿನ ಮೇಲಿದ್ದ ಐಸಿ ನಂಬರುಗಳನ್ನು ಕೊಟ್ಟು ಹುಡುಕಿದೆ. ಮುಚ್ಚಿಹೋದ ಪುಟಗಳನ್ನು ವೇಬ್ಯಾಕ್ ಮೆಷಿನ್ನಿನಲ್ಲಿ ಕೆದಕಿದೆ. ಹಳೇ ಬೈಟ್ ಪತ್ರಿಕೆಗಳಲ್ಲಿ ಸ್ಟೀವ್ ಸಿಯಾರ್ಸಿಯಾ ಬರೆಯುತ್ತಿದ್ದ ಸರ್ಕ್ಯೂಟ್ ಸೆಲ್ಲಾರ್ ಅಂಕಣದಲ್ಲಿ ಈಪ್ರಾಮ್ ಪ್ರೋಗ್ರಾಮರಿನ ಸರ್ಕ್ಯೂಟ್ ಸಿಕ್ಕಿತು, ಆದರೆ ಅದು ಈ ಡಬ್ಬಿಯದಲ್ಲ. ಬಿಟ್‌ಸೇವರ್ಸ್ ತಾಣದಲ್ಲಿ ಹಳೇ ಡೇಟಾ ಪುಸ್ತಕಗಳ ಸ್ಕ್ಯಾನುಗಳಿವೆ. ನಿಜವಾಗಿ ಕೈಹಿಡಿದದ್ದು ಅವೇ.

2716ಕ್ಕೆ ಬರೆಯೋಕೆ 25 ವೋಲ್ಟ್ ಬೇಕು, ಒಂದೊಂದು ಬೈಟಿಗೆ 50 ಮಿಲಿಸೆಕೆಂಡ್. ಈಗಿನವರು ಬಳಸೋ ಟಿಎಲ್866-2 ಪ್ಲಸ್ ಥರದ ಅಗ್ಗದ ಪ್ರೋಗ್ರಾಮರೂ 18 ವೋಲ್ಟಿಗೆ ನಿಂತುಬಿಡುತ್ತೆ. ಆದರೆ ಓದೋಕೆ 5 ವೋಲ್ಟ್ ಸಾಕು! ಡಬ್ಬಿಯೇ ಬೇಡ. ಇನ್ನೊಂದು ಅಪಾಯವೂ ಆ ಪುಸ್ತಕಗಳಲ್ಲೇ ಗೊತ್ತಾಯ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್2716 ಇಂಟೆಲ್ ಚಿಪ್ಪಿನ ಹಾಗಲ್ಲ, ಅದಕ್ಕೆ +5, -5, +12 ಮೂರು ವೋಲ್ಟೇಜ್ ಬೇಕು. ನಂಬರ್ ಒಂದೇ, ಜಾತಕ ಬೇರೆ. ಮೇಷ್ಟ್ರದ್ದು ಇಂಟೆಲ್ ಅಂತ ಖಾತ್ರಿ ಮಾಡಿಕೊಂಡ ಮೇಲೇ ಚಿಪ್ಪಿಗೆ ಕರೆಂಟ್ ಕೊಟ್ಟದ್ದು.

ವಿಳಾಸಕ್ಕೆ 11 ತಂತಿ, ದತ್ತಾಂಶಕ್ಕೆ 8. ಆರ್ಡುಯಿನೋ ಮೆಗಾ ಬೋರ್ಡಿಗೆ ಸಿಕ್ಕಿಸಿ, ನಾಲ್ಕು ಸಾಲಿನ ಪ್ರೋಗ್ರಾಮು ಬರೆದು 2048 ಬೈಟನ್ನೂ ಹತ್ತು ಸಲ ಓದಿದೆ. ಮೂರು ಬೈಟು ಮಾತ್ರ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟವು. ಈಪ್ರಾಮಿನಲ್ಲಿ ಖಾಲಿ ಬಿಟ್ಟು 1, ಬರೆದದ್ದು 0. ಸೋರಿದರೆ 0 ಹೋಗಿ 1 ಆಗುತ್ತೆ. ಹಾಗಾಗಿ ಹತ್ತರಲ್ಲಿ ಒಂದು ಸಲ 0 ಕಂಡರೂ ಅದನ್ನು 0 ಅಂತಲೇ ಹಿಡಿದೆ.

ಚುಕ್ಕಿ ಮಾಡಿ ಪ್ರಿಂಟ್ ತೆಗೆದಾಗ ಮೊದಲು ಕಲಸುಮೇಲೋಗರ. ನಿಂತ ಸಾಲೊಂದಕ್ಕೆ ಎರಡು ಬೈಟು, ಮೇಲಿನರ್ಧ ಒಂದು, ಕೆಳಗಿನರ್ಧ ಇನ್ನೊಂದು ಅಂತ ಜೋಡಿಸಿದಾಗ ಅಕ್ಷರ ಎದ್ದು ಬಂದವು. 16x16 ಚುಕ್ಕಿಯ ಅಕ್ಷರ 64 ಮಾತ್ರ ಹಿಡಿಸೋ ಜಾಗ. ಕಾಗುಣಿತ, ಒತ್ತು ಎಲ್ಲಾ ಎಲ್ಲಿ ಹಿಡಿಸಬೇಕು! ಜಾತ್ರೆಗೆ ಬೇಕಾದ್ದನ್ನಷ್ಟೇ ಮೇಷ್ಟ್ರು ಆರಿಸಿ ತುಂಬಿದ್ದರು. ಪ್ರಿಂಟ್ ನೋಡಿ ಕನ್ನಡಕ ಸರಿಮಾಡಿಕೊಂಡು, "ಈ 'ಳ' ಚೂರು ಗಿಡ್ಡ ಆಯ್ತು ಅಂತ ಆಗಲೇ ಅನ್ನಿಸಿತ್ತು" ಅಂದರು.

ಆ ಡಬ್ಬಿಯ ಸಾಫ್ಟ್‌ವೇರ್ ಇವತ್ತಿಗೂ ಸಿಕ್ಕಿಲ್ಲ. ಡಬ್ಬಿ ಗಟ್ಟಿಯಾಗೇ ಇದೆ. ಯಂತ್ರಕ್ಕಿಂತ ಮೊದಲು ಸಾಯೋದು ಅದರ ಜೊತೆ ಬಂದ ನಾಲ್ಕು ಹಾಳೆ. ಈಗ ನಾನೇ ಬೋರ್ಡಿನ ಗೆರೆ ಹಿಡಿದು ಸರ್ಕ್ಯೂಟ್ ಬರೆಯುತ್ತಿದ್ದೇನೆ, ಯಾವ ಸ್ವಿಚ್ಚು ಏನು ಮಾಡುತ್ತೆ ಅಂತ ಕನ್ನಡದಲ್ಲೇ.

ನಿಮ್ಮ ಅಟ್ಟದ ಮೇಲೂ ಇಂಥ ಕೈಪಿಡಿ, ಫ್ಲಾಪಿ ಏನಾದರೂ ಇರಬಹುದು. ರದ್ದಿಯವನಿಗೆ ಹಾಕೋ ಮುಂಚೆ ಒಂದು ಸ್ಕ್ಯಾನ್ ಮಾಡಿಡಿ. ಎಲ್ಲೋ ಯಾರೋ ಅದನ್ನೇ ಹುಡುಕ್ತಾ ಕೂತಿರ್ತಾರೆ :-)