ಏನೂ ಮಾಡಲ್ಲ, ಬನ್ನಿ!

ನಾಯಿ ಸಾಕಿದವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. ನಮ್ಮ ಕೊಟ್ಟೂರು, ಕೂಡ್ಲಿಗಿ ಕಡೆ ಆದರೆ ‘ಏನ್ ಮಾಡಲ್ಲ ಬಾರಣ್ಣ’ ಎನ್ನುತ್ತಾರೆ. ಬೆಂಗಳೂರಿನಲ್ಲಾದರೆ ‘ಭಯ ಬೇಡ ಅಂಕಲ್, ತುಂಬಾ ಫ್ರೆಂಡ್ಲಿ’ ಎನ್ನುತ್ತಾರೆ. ಭಾಷೆಯ ಧಾಟಿ ಬೇರೆ, ಅರ್ಥ ಒಂದೇ. ಹೀಗೆ ಭರವಸೆ ಕೊಡುವವರು ಯಾವಾಗಲೂ ನಾಯಿಯ ಬಾಲದ ಕಡೆ ನಿಂತಿರುತ್ತಾರೆ, ಕೇಳಿಸಿಕೊಳ್ಳುವವರು ಹಲ್ಲಿನ ಕಡೆ. ಜಗಳವೆಲ್ಲ ಹುಟ್ಟುವುದು ಅಲ್ಲೇ.

ಪಟ್ಟಣದ ಪಾರ್ಕುಗಳಲ್ಲಿ ಸಾಕುನಾಯಿಯ ಹಗ್ಗ ಬಿಚ್ಚಿ ಓಡಾಡಲು ಬಿಡಬಹುದೇ, ಬಾರದೇ ಎಂಬುದು ಆ ಜಗಳ. ನಮ್ಮೂರಿನ ಹಿರಿಯರಿಗೆ ಇದನ್ನು ಹೇಳಿದರೆ ನಕ್ಕಾರು. ಹಗ್ಗ ಕಟ್ಟಿದ್ದರೆ ತಾನೇ ಬಿಚ್ಚುವ ಮಾತು! ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಏಳೆಂಟು ನಾಯಿಗಳಿದ್ದವು. ಒಂದಕ್ಕೂ ಹಗ್ಗವಿರಲಿಲ್ಲ, ಆದರೆ ಪ್ರತಿಯೊಂದಕ್ಕೂ ವಿಳಾಸವಿತ್ತು. ಹಿಟ್ಟಿನ ಗಿರಣಿಯ ಮುಂದಿನ ಕೆಂದನೆಯ ನಾಯಿ ಸೈಕಲ್ ಹತ್ತಿದವರನ್ನು ಅಟ್ಟಿಸಿಕೊಂಡು ಬರುತ್ತದೆ, ಇಳಿದು ತಳ್ಳಿಕೊಂಡು ಹೋದರೆ ತಲೆ ಕೂಡ ಎತ್ತುವುದಿಲ್ಲ ಎಂಬುದು ಓಣಿಯ ಮಕ್ಕಳಿಗೆಲ್ಲ ಬಾಯಿಪಾಠ. ಮರಿ ಹಾಕಿದ ನಾಯಿ ಯಾವ ಬಣವೆಯ ಹಿಂದೆ ಮಲಗಿದೆ ಎಂಬುದೂ ಗೊತ್ತು, ಅಲ್ಲಿ ಹದಿನೈದು ದಿನ ಯಾರೂ ಸುಳಿಯುತ್ತಿರಲಿಲ್ಲ. ಕಚ್ಚಿದರೆ ಯಾರ ಮನೆಯ ಬಾಗಿಲಿಗೆ ಹೋಗಿ ಕೂಗಾಡಬೇಕು ಎಂಬುದೂ ಗೊತ್ತಿತ್ತು. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಕಚ್ಚಿಸಿಕೊಂಡವರೂ ಇದ್ದರು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡು ಮೂಲೆಯಲ್ಲಿ ಮಲಗಿದವರನ್ನು ನಾವು ಹುಡುಗರು ಹೋಗಿ ನೋಡಿ ಬರುತ್ತಿದ್ದೆವು, ಜಾತ್ರೆ ನೋಡಿದ ಹಾಗೆ.

ಹಡಗಲಿ, ಹರಪನಹಳ್ಳಿ ಕಡೆಯ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರಿ ತರುಬುತ್ತಾರೆ. ರಾತ್ರಿ ಆ ಹಟ್ಟಿಯ ಹತ್ತಿರ ಹೋಗುವವರು ಬಹಳ ದೂರದಿಂದಲೇ ‘ನಾಯಿ ಹಿಡ್ಕೊಳ್ಳಿರಪ್ಪೋ’ ಎಂದು ಕೂಗು ಹಾಕುತ್ತಾರೆ. ಆ ಕಡೆಯಿಂದ ‘ಹಿಡಿದೀನಿ, ಬರ್ರಿ’ ಎಂಬ ಉತ್ತರ ಬರುವವರೆಗೆ ಹೆಜ್ಜೆ ಮುಂದಿಡುವುದಿಲ್ಲ. ಹೆಚ್ಚಿಗೆ ಓದದ ಕುರುಬರು ಮಾಡಿಕೊಂಡ ಈ ಏರ್ಪಾಡನ್ನು ಗಮನಿಸಿ. ಬರುವವನು ತಿಳಿಸಬೇಕು, ಸಾಕಿದವನು ಹಿಡಿಯಬೇಕು. ‘ಏನೂ ಮಾಡಲ್ಲ’ ಎಂಬ ಮಾತು ಅಲ್ಲಿಲ್ಲ. ಯಾಕೆಂದರೆ ಕುರಿ ಕಾಯುವ ನಾಯಿ ಏನಾದರೂ ಮಾಡಲೆಂದೇ ಅದನ್ನು ಸಾಕಿರುವುದು!

ನಾಯಿಯ ಮೇಲೆ ಪ್ರೀತಿ ಇಲ್ಲದ ನಾಡಲ್ಲ ನಮ್ಮದು. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರು ದೋಣಿ ಸೇವೆಯನ್ನು ನೋಡಿರುತ್ತಾರೆ. ಕಂಬಳಿಯ ಮೇಲೆ ದೋಣಿ ಇಟ್ಟು, ಹಾಲು, ಬಾಳೆಹಣ್ಣು ಹಾಕಿದರೆ ಗೊರವಯ್ಯಗಳು ನಾಯಿಗಳಂತೆ ಬೊಗಳುತ್ತ, ಗುರುಗುಟ್ಟುತ್ತ ಬಾಯಿ ಹಾಕಿ ತಿನ್ನುತ್ತಾರೆ. ಮೈಲಾರಲಿಂಗನ ಜೊತೆಗಾರ ನಾಯಿ. ಅವನ ಭಕ್ತರು ನಾಯಿಯಾಗುವುದನ್ನು ಅವಮಾನವೆಂದಲ್ಲ, ಸೇವೆಯೆಂದು ತಿಳಿದವರು. ಆದ್ದರಿಂದ ಪಾರ್ಕಿನ ಜಗಳವನ್ನು ನಾಯಿ ಪ್ರೀತಿಸುವವರಿಗೂ ದ್ವೇಷಿಸುವವರಿಗೂ ನಡುವಿನ ಜಗಳ ಎಂದು ಯಾರಾದರೂ ಬಣ್ಣಿಸಿದರೆ ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಆದದ್ದನ್ನೇ ನೋಡಿ.

ಕಬ್ಬನ್ ಪಾರ್ಕು 1870ರಲ್ಲಿ ಆದದ್ದು. ಸರ್ಕಾರಿ ಕಾಗದಗಳಲ್ಲಿ ಅದು ಶ್ರೀ ಚಾಮರಾಜೇಂದ್ರ ಉದ್ಯಾನ. ಲಾಲ್‌ಬಾಗಿನೊಳಗೆ ಸಾಕುನಾಯಿ ಬಿಡುವುದಿಲ್ಲ, ಕಬ್ಬನ್ ಪಾರ್ಕಿನಲ್ಲಿ ಬಿಡುತ್ತಾರೆ. ನಾಯಿಗಳು ಹಗ್ಗವಿಲ್ಲದೆ ಓಡಾಡಲೆಂದು ಒಂದು ಕಡೆ ಬೇಲಿ ಹಾಕಿದ ಜಾಗವೂ ಇದೆ. ಮಗಳ ಮನೆಗೆ ಹೋದಾಗ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಎಷ್ಟು ಬಗೆಯ ನಾಯಿಗಳು! ಕರುವಿನಷ್ಟು ದೊಡ್ಡದೊಂದು, ಹತ್ತಿ ಉಂಡೆಯಂಥದೊಂದು, ಸ್ವೆಟರ್ ಹಾಕಿಕೊಂಡದ್ದೊಂದು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಆರು ದಿನ ಕೂತ ಲ್ಯಾಬ್ರಡಾರ್ ಅಲ್ಲಿ ಕಿವಿ ಹಾರಿಸಿಕೊಂಡು ಓಡುವುದನ್ನು ಕಂಡರೆ ಕಲ್ಲು ಮನಸ್ಸಿನವರಿಗೂ ‘ಪಾಪ, ಓಡಲಿ’ ಅನ್ನಿಸುತ್ತದೆ. ನನಗೂ ಅನ್ನಿಸಿತು. ಬೇಲಿಯ ಹೊರಗೆ ಬಂದು ಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಗ ಅಂಥದೇ ಒಂದು ನಾಯಿ ಹಗ್ಗವಿಲ್ಲದೆ ಬಂದು ನನ್ನ ಮೊಣಕಾಲಿಗೆ ಮೂಗು ಹಚ್ಚಿತು. ಆಗ ‘ಪಾಪ’ ಅನ್ನಿಸಲಿಲ್ಲ. ಒಡೆಯರು ಮರದ ನೆರಳಿನಲ್ಲಿ ಫೋನಿನಲ್ಲಿದ್ದರು, ಅಲ್ಲಿಂದಲೇ ಕೈ ಬೀಸಿ ಆ ಹಳೆಯ ಮಾತನ್ನೇ ಹೇಳಿದರು.

2022ರಲ್ಲಿ ತೋಟಗಾರಿಕೆ ಇಲಾಖೆಗೆ ಇಂಥ ದೂರುಗಳು ಸಾಕಷ್ಟು ಬಂದವು. ಹಗ್ಗವಿಲ್ಲದೆ ಬಿಡುತ್ತಾರೆ, ಹೇಸಿಗೆ ಮಾಡಿಸಿ ಹಾಗೇ ಹೋಗುತ್ತಾರೆ ಎಂದು ನಡೆದಾಡುವವರ ಅಳಲು. ಆ ವರ್ಷ ಜುಲೈ 1ರಿಂದ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನೇ ಬಿಡುವುದಿಲ್ಲ ಎಂದು ಇಲಾಖೆ ಹೊರಟಿತು. ನಾಯಿ ಸಾಕಿದವರು ಸಹಿ ಸಂಗ್ರಹಿಸಿದರು, ಮನವಿ ಕೊಟ್ಟರು. ಕೊನೆಗೆ ನಿಷೇಧವನ್ನು ತಡೆಹಿಡಿದು, ಹಗ್ಗ ಕಡ್ಡಾಯ, ಹೇಸಿಗೆ ಎತ್ತುವುದು ಕಡ್ಡಾಯ ಎಂಬ ಷರತ್ತಿಗೆ ಬಂದು ನಿಂತಿತು. ನನ್ನ ಮಟ್ಟಿಗೆ ಅದೇ ಸರಿ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೊರಡಿಸಿದ ಮಾರ್ಗಸೂಚಿಯ ಧೋರಣೆಯೂ ಇದೇ: ಉದ್ಯಾನಗಳಿಂದ ಸಾಕುಪ್ರಾಣಿಗಳನ್ನು ಪೂರ್ತಿ ಹೊರಗಿಡುವುದು ದೂರದೃಷ್ಟಿಯಲ್ಲ, ಆದರೆ ಸಾರ್ವಜನಿಕ ಜಾಗದಲ್ಲಿ ಹಗ್ಗವಿರಲಿ. ಹಗ್ಗ ಹಿಡಿದು, ಚೀಲ ಹಿಡಿದು ಬರುವ ಹತ್ತು ಜನರ ದಾರಿಗೆ ಮುಳ್ಳು ಹಾಕಿದವರು ನಾಯಿ ದ್ವೇಷಿಗಳಲ್ಲ, ಹಗ್ಗ ಬಿಚ್ಚಿ ಫೋನು ಹಿಡಿದ ಹನ್ನೊಂದನೆಯವರು. ಈ ಮಾತನ್ನು ಹತ್ತು ಜನ ಗಟ್ಟಿಯಾಗಿ ಹೇಳುವುದಿಲ್ಲ, ಅದೇ ನನಗೆ ಸೋಜಿಗ.

ಈ ಜಗಳ ನಮ್ಮದೇ ವಿಶೇಷ ಎಂದುಕೊಳ್ಳಬೇಡಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ, ರಾತ್ರಿ ಒಂಬತ್ತರ ಮೇಲೆ ಮಾತ್ರ ಗೊತ್ತಾದ ಜಾಗಗಳಲ್ಲಿ ನಾಯಿ ಬಿಚ್ಚಿ ಬಿಡಬಹುದು. ಆದರೆ ಹಕ್ಕಿಗಳು ಬಂದಿಳಿಯುವ ‘ರ‍್ಯಾಂಬಲ್’ ಎಂಬ ಕಾಡಿನಂಥ ಭಾಗದಲ್ಲಿ ಯಾವ ಹೊತ್ತಿನಲ್ಲೂ ಹಗ್ಗವಿರಲೇಬೇಕು. 2020ರ ಮೇ 25ರಂದು ಅಲ್ಲಿ ಹಕ್ಕಿ ನೋಡುತ್ತಿದ್ದ ಕಪ್ಪು ಜನಾಂಗದ ಒಬ್ಬರು, ನಾಯಿಗೆ ಹಗ್ಗ ಹಾಕಿ ಎಂದು ಬಿಳಿಯ ಮಹಿಳೆಯೊಬ್ಬರನ್ನು ಕೇಳಿದರು. ಆಕೆ ಹಗ್ಗ ಹಾಕುವ ಬದಲು, ಕಪ್ಪು ಮನುಷ್ಯನೊಬ್ಬ ಬೆದರಿಸುತ್ತಿದ್ದಾನೆಂದು ಪೊಲೀಸರಿಗೆ ಫೋನು ಮಾಡಿದಳು. ಅದರ ವಿಡಿಯೋ ಜಗತ್ತೆಲ್ಲ ಹರಡಿತು. ಗಜದುದ್ದ ಹಗ್ಗದ ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಹಕ್ಕಿ ಎಂದಾಗ ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೆನಪಾಗುತ್ತದೆ. ಆ ಕೆರೆಯ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇಂಥ ಕಡೆ ಗೂಡಿನಿಂದ ಕೆಳಗೆ ಬಿದ್ದ ಮರಿಗೆ ಫ್ರೆಂಡ್ಲಿ ನಾಯಿಯೂ ಒಂದೇ, ಇನ್ನೊಂದೂ ಒಂದೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರು ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋದರೆ ಚೆನ್ನ.

ಇನ್ನು ನಮ್ಮ ಊರುಗಳ ಮಾತು. ಪಾರ್ಕು ಎಂದು ಹೇಳಿಕೊಳ್ಳುವಂಥದ್ದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಡಿಮೆ. ಹೈಸ್ಕೂಲು, ಕಾಲೇಜು ಮೈದಾನಗಳೇ ನಮ್ಮ ಪಾರ್ಕು. ಬೆಳಗಿನ ಐದಕ್ಕೆ ಅಲ್ಲಿ ಸಕ್ಕರೆ ಕಾಯಿಲೆಯವರು ನಡೆಯುತ್ತಾರೆ, ಮಕ್ಕಳು ಆಡುತ್ತಾರೆ, ಪೊಲೀಸ್ ಮತ್ತು ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು 1,600 ಮೀಟರ್ ಓಟಕ್ಕೆ ಸುತ್ತು ಎಣಿಸುತ್ತ ಓಡುತ್ತಾರೆ. ಇವರ ಜೊತೆಗೆ ಈಚಿನ ವರ್ಷಗಳಲ್ಲಿ ಜಾತಿನಾಯಿಗಳೂ ಬಂದಿವೆ. 2003ರಲ್ಲಿ ಟೀವಿಯಲ್ಲಿ ಹಚ್ ಕಂಪನಿಯ ಜಾಹೀರಾತಿನ ಪಗ್ ನಾಯಿ ಹುಡುಗನ ಹಿಂದೆ ಹಿಂದೆ ಓಡಿದ ಮೇಲೆ ನಮ್ಮ ಕಡೆಯೂ ಅಂಥದನ್ನು ಹುಡುಕಿದವರಿದ್ದರು. ಈಗ ಜರ್ಮನ್ ಶೆಫರ್ಡ್, ರಾಟ್‌ವೀಲರ್ ತನಕ ಬಂದಿದೆ. ಓಣಿಯ ಕೆಂದನೆಯ ನಾಯಿಯನ್ನು ಇಡೀ ಊರೇ ಸಾಕಿತ್ತು, ಊರೇ ತಿದ್ದಿತ್ತು. ಕಾಂಪೌಂಡಿನೊಳಗೆ ಬೆಳೆದ ಈ ನಾಯಿಗೆ ಊರಿನವರ ಗುರುತಿಲ್ಲ, ಊರಿಗೂ ಅದರ ಗುರುತಿಲ್ಲ. ಗುರುತೇ ಇಲ್ಲದ ಕಡೆ ಹಗ್ಗವಾದರೂ ಬೇಡವೇ?

ನಮ್ಮ ಬೀದಿಯ ಒಬ್ಬ ಹುಡುಗ ಹೀಗೇ ಮೈದಾನದಲ್ಲಿ ಓಡುತ್ತಿದ್ದಾಗ ಅಂಥ ಒಂದು ನಾಯಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಆಳವಾದ ಗಾಯವೇನಲ್ಲ, ಎರಡು ಹಲ್ಲಿನ ಗುರುತು, ತುಸು ರಕ್ತ. ಹುಡುಗ ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಮ್ಮ ಮೈದಾನಕ್ಕೇ ಕಳಿಸುವುದಿಲ್ಲ, ಭರ್ತಿ ತಪ್ಪುತ್ತದೆ ಎಂಬ ಹೆದರಿಕೆ. ಬೇಲಿ ಮುಳ್ಳು ಗೀರಿತು ಎಂದ. ಎರಡು ದಿನ ಕಳೆದ ಮೇಲೆ ಗೆಳೆಯನ ಬಾಯಿಂದ ಹೊರಬಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು, ಸೂಜಿ ಶುರುವಾಯಿತು. ನಾಯಿಯ ಮನೆಗೆ ಹೋಗಿ, ಅದಕ್ಕೆ ಲಸಿಕೆ ಹಾಕಿಸಿದ ಚೀಟಿ ತೋರಿಸಿ ಎಂದರೆ ‘ಇಲ್ಲೇ ಎಲ್ಲೋ ಇತ್ತು’ ಎಂಬ ಉತ್ತರ. ಜೊತೆಗೆ ಒಂದು ಪ್ರಶ್ನೆ: ‘ನಮ್ಮ ನಾಯಿ ಏನೂ ಮಾಡಲ್ಲ, ನಿಮ್ಮ ಹುಡುಗ ಯಾಕೆ ಓಡಿದ?’

ಓಡುವುದಕ್ಕೆಂದೇ ಮೈದಾನಕ್ಕೆ ಹೋದವನು ಯಾಕೆ ಓಡಿದ! ಆ ತಾಯಿ ಈ ಪ್ರಶ್ನೆಗೆ ಏನೂ ಹೇಳದೆ ಬಂದರು.

ವಿದ್ಯಾರ್ಥಿಗಳು ಇದೊಂದನ್ನು ಕಿವಿಗೆ ಹಾಕಿಕೊಳ್ಳಬೇಕು. ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲವೆಂದೇ ಲೆಕ್ಕ. ಅದಕ್ಕೆ ಮುಂಚೆ ತಡೆಯುವುದು ಮಾತ್ರ ಕೈಯಲ್ಲಿದೆ. ಸಾಕುನಾಯಿಯೇ ಆಗಲಿ, ಪರಚಿದ್ದೇ ಆಗಲಿ, ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳಿನ ಹದಿನಾಲ್ಕು ಸೂಜಿಯ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು. ಈಗ ನಾಲ್ಕೈದು ಸಲ ತೋಳಿಗೆ ಕೊಡುತ್ತಾರೆ. ಗಾಯ ಜೋರಾಗಿದ್ದರೆ ಅದರ ಸುತ್ತ ಇನ್ನೊಂದು ಔಷಧಿ ಹಾಕುತ್ತಾರೆ. ಅಪ್ಪ ಅಮ್ಮಂದಿರಿಗೆ ನನ್ನ ಬೇಡಿಕೆ ಒಂದೇ: ನಾಯಿ ಕಚ್ಚಿತೆಂದು ಮಗು ಬಂದು ಹೇಳಿದರೆ ಮೊದಲು ಬೈಯಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆಗುವ ಅಪಾಯ ನಾಯಿಯ ಹಲ್ಲಿಗಿಂತ ದೊಡ್ಡದು.

ಕಾನೂನು ಇಲ್ಲವೇ ಎಂದರೆ, ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ ದಂಡ. ಹಳೆಯ ದಂಡ ಸಂಹಿತೆಯ 289ನೆಯ ಕಲಂ ಅದು. ಈಗ ಭಾರತೀಯ ನ್ಯಾಯ ಸಂಹಿತೆಯ 291. ಹಳೆಯದರಲ್ಲಿ ದಂಡ ಸಾವಿರ ರೂಪಾಯಿವರೆಗೆ ಇತ್ತು, ಈಗ ಐದು ಸಾವಿರದವರೆಗೆ. ಬೆಳೆ ಮೇದ ತುಡುಗು ದನವನ್ನು ದೊಡ್ಡಿಗೆ ಹಾಕಲು 1871ರಷ್ಟು ಹಿಂದೆಯೇ ಕಾಯಿದೆ ಬಂತು, ನಮ್ಮ ರೈತರಿಗೆ ಅದು ಚೆನ್ನಾಗಿ ಗೊತ್ತು. ನಾಯಿ ಬೆಳೆ ಮೇಯುವುದಿಲ್ಲವಾದ್ದರಿಂದ ಅದರ ಕಾನೂನು ಮಾತ್ರ ಯಾರಿಗೂ ನೆನಪಿರುವುದಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅಷ್ಟೊಂದು ವಾದವಾದದ್ದು ಬೀದಿನಾಯಿಗಳ ಬಗ್ಗೆ. ಒಡೆಯರಿರುವ ನಾಯಿಯ ಪ್ರಶ್ನೆಯನ್ನು ಅದರೊಳಗೆ ಕಲಸಿ ತಪ್ಪಿಸಿಕೊಳ್ಳುವವರು ಬಹಳ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ 1926ರ ಒಂದು ಸಂಗತಿ ನೆನಪಾಗುತ್ತದೆ. ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ತಮ್ಮ ಆವರಣದಲ್ಲಿ ಸೇರಿದ್ದ ಅರವತ್ತು ನಾಯಿಗಳನ್ನು ಕೊಲ್ಲಿಸಿದರು. ಗಾಂಧೀಜಿ ಅವರನ್ನು ಖಂಡಿಸಲಿಲ್ಲ! ದೇಶದ ನಾನಾ ಕಡೆಯಿಂದ ಸಿಟ್ಟಿನ ಪತ್ರಗಳು ಬಂದವು, ‘ಯಂಗ್ ಇಂಡಿಯಾ’ದಲ್ಲಿ ಅವರು ವಾರಗಟ್ಟಲೆ ಉತ್ತರ ಬರೆದರು. ಕೊಲ್ಲುವ ಮಾತು ನನಗೆ ಹಿಡಿಸುವುದಿಲ್ಲ, ಇಂದಿನ ನಿಯಮಗಳೂ ಅದಕ್ಕೆ ಒಪ್ಪುವುದಿಲ್ಲ. ಆದರೆ ಅವರ ಇನ್ನೊಂದು ವಾದವಿತ್ತು. ನಾಯಿಯ ಮೇಲೆ ದಯೆ ಇದ್ದವರು ಅದನ್ನು ಸಾಕಿ ಪೂರ್ತಿ ಹೊಣೆ ಹೊರಲಿ, ತುತ್ತು ಹಾಕಿ ಬೀದಿಗೆ ಬಿಡುವುದು ದಯೆಯಲ್ಲ ಎಂದು. ತುತ್ತಿನ ಜಾಗದಲ್ಲಿ ದುಬಾರಿ ಬಿಸ್ಕತ್ತು ಬಂದಿದೆ ಅಷ್ಟೇ, ಆ ವಾದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ನಮ್ಮ ಮೈದಾನದಲ್ಲಿ ಹಿರಿಯರು ನಾಲ್ಕು ಜನ ಕೂತು ಒಂದು ಒಪ್ಪಂದ ಮಾಡಿದ್ದಾರೆ. ಏಳು ಗಂಟೆಯವರೆಗೆ ಓಡುವವರು, ಆಡುವವರು. ಆಮೇಲೆ ನಾಯಿಗಳು, ಅದೂ ಚೈನು ಹಾಕಿಕೊಂಡು. ಸುಮಾರಾಗಿ ನಡೆಯುತ್ತಿದೆ. ಒಬ್ಬರು ಮಾತ್ರ ಈಗಲೂ ಆರಕ್ಕೇ ಬಂದು ಗೇಟಿನ ಹತ್ತಿರ ಚೈನು ಬಿಚ್ಚುತ್ತಾರೆ. ಅವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ಊರಲ್ಲಿ ದೊಡ್ಡವರು. ಹುಡುಗ ಎಲ್ಲ ಸೂಜಿಗಳನ್ನೂ ಮುಗಿಸಿ ಮತ್ತೆ ಓಟಕ್ಕೆ ಬರುತ್ತಿದ್ದಾನೆ. ಕೈಯಲ್ಲೊಂದು ಗಿಡ್ಡ ಕೋಲು ಹಿಡಿದಿರುತ್ತಾನೆ. ಕೋಲು ಹಿಡಿದು ಓಡಿದರೆ ಸುತ್ತಿಗೆ ಎರಡು ಸೆಕೆಂಡು ಹೆಚ್ಚು ಹಿಡಿಯುತ್ತದಂತೆ.