ಒಂದು ಹೆಸರು, ಎರಡು ಬರವಣಿಗೆ

ಕವಿಚಕ್ರವರ್ತಿ ರನ್ನನ ಜನ್ಮಭೂಮಿಯಾದ ಮುಧೋಳದಲ್ಲಿ ತರುಣನೋರ್ವನು ಗದಾಯುದ್ಧದ ಶಬ್ದಗಳನ್ನು ಕಲೆಹಾಕಿ, ಅವುಗಳನ್ನು ಹುಡುಕಿಕೊಡುವ ಪ್ರೋಗ್ರಾಮೊಂದನ್ನು ರಚಿಸಿದನು. ಎರಡು ವರ್ಷಗಳ ದುಡಿಮೆಯದು. ಮನೆಯ ಹಳೆಯ ಆಪಲ್ ಯಂತ್ರದಲ್ಲಿ ಸುಗಮವಾಗಿ ನಡೆದುದು, ಲಿನಕ್ಸ್ ಸರ್ವರಿಗೆ ಸಾಗಿಸಿ ಬಿಲ್ಡ್ ಮಾಡತೊಡಗಿದೊಡನೆ, ‘ಕೋಶ’ವೆಂಬ ಫೈಲೇ ಇಲ್ಲವೆಂದು ನಿಂತುಬಿಟ್ಟಿತು. ಪಟ್ಟಿಯಲ್ಲಿಯಾದರೋ ‘ಕೋಶ’ವು ಕಣ್ಣೆದುರಿಗೇ ಇದ್ದಿತು! ಮೂರು ದಿವಸ ಅನುಮತಿಗಳನ್ನು ತಿದ್ದಿದನು, ಫೋಲ್ಡರುಗಳನ್ನು ಬದಲಿಸಿದನು; ಎಲ್ಲವೂ ವ್ಯರ್ಥ. ಕೊನೆಗೆ ಹೆಸರಿನ ಬೈಟುಗಳನ್ನೇ ಎಣಿಸಲು, 9 ಇರತಕ್ಕಲ್ಲಿ 15 ಇದ್ದವು.

ಯುನಿಕೋಡಿನಲ್ಲಿ ಓತ್ವಕ್ಕೆ ಎರಡು ಬರವಣಿಗೆಗಳುಂಟು: ‘ೋ’ ಎಂಬ ಒಂದೇ ಸಂಕೇತ, ಇಲ್ಲವೆ ‘ೆ’, ‘ೂ’, ‘ೕ’ ಎಂಬ ಮೂರರ ಸಾಲು. ಕಣ್ಣಿಗೆ ಭೇದವಿಲ್ಲ, ಯುಟಿಎಫ್-8ರಲ್ಲಿ ಮಾತ್ರ ಮೊದಲನೆಯದು 3 ಬೈಟು, ಎರಡನೆಯದು 9. ಸಂಧಿ ಬಿಡಿಸಿ ಬಲ್ಲವರಿಗೆ ಇದೇನು ದೊಡ್ಡ ಸೋಜಿಗವಲ್ಲ. ಆಪಲ್ಲಿನವರು 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುವದು, ಆದರೆ ಹುಡುಕುವಾಗ ಎರಡನ್ನೂ ಒಂದೆಂದು ಬಗೆಯುವದು. ಲಿನಕ್ಸಿನ ಎಕ್ಸ್ಟ್4 ಅಂಥ ದಾಕ್ಷಿಣ್ಯವನ್ನು ಸಾಮಾನ್ಯವಾಗಿ ತೋರದು. ಬೈಟಿಗೆ ಬೈಟು ತಾಳೆಯಾಗಲೇಬೇಕು. ತರುಣನು ಪ್ರೋಗ್ರಾಮಿನಲ್ಲಿ ಬರೆದುದು ಕೂಡಿದ ರೂಪ, ಫೈಲಿನೊಡನೆ ಬಂದುದು ಬಿಡಿಸಿದ ರೂಪ.

ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದನು. ಬಿಲ್ಡು ಮುಗಿಯಿತು. ಅಂದು ರಾತ್ರಿಯೇ ಜಮಖಂಡಿಯ ಗೆಳೆಯನು ಕುಳಿತಲ್ಲಿಂದ ಮೊದಲನೆಯ ಶಬ್ದವನ್ನು ಹುಡುಕಿದನು.